ಬಾವಿಹಗ್ಗದ ಮೊದಲ ಗಂಟು

ಗ್ರಾಮಸಭೆಯ ಮೇಜಿನ ಮೇಲೆ ಹರಡಿದ್ದ ಎಂಟು ಮಹಡಿ ಅಪಾರ್ಟ್‌ಮೆಂಟಿನ ನಕ್ಷೆಯ ಮೇಲೆ ಪಕ್ಕದ ಮನೆಯ ಪುಟ್ಟಮ್ಮಜ್ಜಿ ತಮ್ಮ ಬಾವಿಹಗ್ಗವನ್ನು ತಂದಿಟ್ಟರು. ಬೇಸಿಗೆಯಲ್ಲಿ ಬಾವಿ ನೀರು ಕೆಳಗಿಳಿದಾಗಲೆಲ್ಲ ಕುಶಾಲನಗರದ ಕಡೆಯ ನಾವು ಹಗ್ಗಕ್ಕೆ ಇನ್ನೊಂದು ತುಂಡು ಗಂಟು ಹಾಕಿ ಉದ್ದ ಮಾಡುತ್ತೇವೆ. ಅಜ್ಜಿಯ ಹಗ್ಗದಲ್ಲಿ ಮೂರು ಗಂಟುಗಳಿದ್ದವು.

ಅಜ್ಜಿ ಮೊದಲ ಗಂಟು ಮುಟ್ಟಿ, ನನ್ನನ್ನೊಮ್ಮೆ ನೋಡಿ, ಏನೂ ಹೇಳದೆ ಬೆರಳು ಮುಂದೆ ಸರಿಸಿದರು. "ಇದು ಹೋದ ಬ್ಯಾಸ್ಗೆದು, ಇದು ಈ ಬ್ಯಾಸ್ಗೆದು. ಅಷ್ಟು ಮನೆಗೂ ನೀವು ನೀರೆಳುದ್ರೆ ನಾನು ಇನ್ನೆಷ್ಟು ಗಂಟು ಹಾಕ್ಲಪ್ಪಾ?" ಎಂದು ಬಿಲ್ಡರ್ ಕಡೆಯ ಎಂಜಿನಿಯರನ್ನು ಕೇಳಿದರು. ಎಂಜಿನಿಯರ್ ಹಗ್ಗವನ್ನು ಜೋಪಾನವಾಗಿ ಸುತ್ತಿ ವಾಪಸು ಕೊಟ್ಟರು.

ಕಟ್ಟಡ ಬೇಡವೆಂದು ಎಲ್ಲರಿಗಿಂತ ಜೋರಾಗಿ ಕೂಗಿದ್ದ ನಾನು ಮೆಲ್ಲಗೆ ಹಿಂದಿನ ಸಾಲಿಗೆ ಸರಿದೆ. ಆ ಮೊದಲ ಗಂಟು, ನಾನು ನಮ್ಮ ಹಿತ್ತಲಲ್ಲಿ ಬೋರ್‌ವೆಲ್ ಕೊರೆಸಿದ ವರ್ಷದ್ದು.