ಸುಜಾತಳ ಹೆಸರಿನಲ್ಲಿ ಹೋದ ನನ್ನ ಮೂರು ಸಾಲು

ಅದನ್ನು ಬರೆದವಳು ಸುಜಾತ ಅಲ್ಲ, ನಾನು.

ಇಷ್ಟು ಹೇಳಲು ನನಗೆ ಹದಿನೈದು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಹಲಸೂರಿನ ನಮ್ಮ ಹೈಸ್ಕೂಲಿನಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ಹೆಡ್‌ಮಿಸ್ಸನ್ನು ಹೀಯಾಳಿಸಿ ಇಂಟರ್‌ನೆಟ್ಟಿನಲ್ಲಿ ಬರೆದಳೆಂದು ಶಾಲೆ ಬಿಡಬೇಕಾಯಿತು. ಬರೆದದ್ದು ಅವಳ ಕನ್ನಡದ ಮಿಸ್. ಗೊತ್ತಿದ್ದೂ ಸುಮ್ಮನಿದ್ದವಳು ಅದೇ ಮಿಸ್ — ಅಲ್ಲ, ಸುಮ್ಮನಾದರೂ ಇದ್ದಿದ್ದರೆ ಪಾಪ ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಬಾಯಿ ತೆರೆದೆ.

ಎರಡು ಸಾವಿರದ ದಶಕದ ನಡುವಿನ ಮಾತು. ಆಗ ನಾನು ನಾಲ್ಕು ವರ್ಷದಿಂದ ತಾತ್ಕಾಲಿಕ ಶಿಕ್ಷಕಿ. ಯಾವುದೋ ಕಂಪನಿ ತಾನು ಬಳಸಿ ಬಿಟ್ಟ ಐದು ಕಂಪ್ಯೂಟರುಗಳನ್ನು ನಮ್ಮ ಶಾಲೆಗೆ ಕೊಟ್ಟಿತ್ತು. ಆಟದ ಸಾಮಾನು ಇಡುತ್ತಿದ್ದ ಕೋಣೆಯನ್ನು ತೊಳೆದು ಲ್ಯಾಬ್ ಮಾಡಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ದೇವರ ಮನೆಗಿಂತ ಹೆಚ್ಚು ಮಡಿ. ಆ ಯಂತ್ರಗಳ ತಂಟೆಗೆ ಹೋದ ಟೀಚರ್ ನಾನೊಬ್ಬಳೇ. ನನ್ನ ಗೆಳತಿ ವಸಂತ ಕುಕ್ ಟೌನಿನ ಇನ್ನೊಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ಹುಡುಗರೆಲ್ಲ ಹುಚ್ಚು ಹಿಡಿದಂತೆ ಸೇರುತ್ತಿದ್ದ ಒಂದು ಸಾಮಾಜಿಕ ಜಾಲತಾಣದಲ್ಲಿ ನಾವಿಬ್ಬರೂ ಸೇರಿ ಎರಡೂ ತರಗತಿಗೆ ಒಂದು ಪುಟ ತೆರೆದೆವು. ನಮ್ಮ ಮಕ್ಕಳು ತಮ್ಮ ಬೀದಿಯ ಬಗ್ಗೆ ನಾಲ್ಕು ಸಾಲು ಬರೆಯಬೇಕು, ಆ ಶಾಲೆಯವರು ಓದಿ ಉತ್ತರ ಬರೆಯಬೇಕು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟುತ್ತಿದ್ದರು. ಪ್ರಬಂಧ ಎಂದರೆ ಹೊಟ್ಟೆನೋವು ಬರುತ್ತಿದ್ದ ಮಕ್ಕಳು ಸಾಲುಗಟ್ಟಿ ನಿಂತು ಬರೆದರು.

ಅವರಲ್ಲಿ ಮುಂದಿದ್ದವಳು ಸುಜಾತ. ಗರುಡಾಚಾರ್‌ಪಾಳ್ಯದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅಪ್ಪ ಮುನಿರಾಜು ಅಲ್ಲೇ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದರು. ಅಜ್ಜಿ ರಾಗಿ ಬಿತ್ತುತ್ತಿದ್ದ ಜಾಗದಲ್ಲಿ ಗಾಜಿನ ಕಟ್ಟಡ ಎದ್ದಿದೆ, ಅಜ್ಜಿ ಈಗಲೂ ಅದರ ಮುಂದೆ ಹಾದುಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿಯುತ್ತಾಳೆ — ಹೀಗೆಂದು ಬರೆದಿದ್ದಳು. ಕುಕ್ ಟೌನಿನ ಮಕ್ಕಳು ಅದಕ್ಕೆ ಇಪ್ಪತ್ತು ಉತ್ತರ ಬರೆದರು. ನನಗೆ ಹೆಮ್ಮೆ. ಹೊಟ್ಟೆಕಿಚ್ಚೂ ಸ್ವಲ್ಪ ಇತ್ತು, ಯಾಕೆ ಸುಳ್ಳು ಹೇಳಲಿ.

ಇಲ್ಲಿ ಒಂದು ವಿಷಯ ಹೇಳಬೇಕು. ಶಾಲೆಗೆ ಇದ್ದದ್ದು ಒಂದೇ ಟೆಲಿಫೋನ್ ಲೈನ್. ಆಫೀಸಿನವರು ಫೋನ್ ಎತ್ತಿದರೆ ಲ್ಯಾಬಿನಲ್ಲಿ ಇಂಟರ್‌ನೆಟ್ ಸಾಯುತ್ತಿತ್ತು. ಒಬ್ಬೊಬ್ಬರೂ ಲಾಗಿನ್ ಆಗುವುದರಲ್ಲಿ ಪೀರಿಯಡ್ಡಿನ ಕಾಲು ಭಾಗ ಹೋಗುತ್ತಿತ್ತು. ಅದಕ್ಕೇ ನಾನೊಂದು ನಿಯಮ ಮಾಡಿದ್ದೆ. ಯಾರೂ ಲಾಗ್ ಔಟ್ ಮಾಡಬೇಡಿ, ಹಾಗೇ ಬಿಟ್ಟು ಏಳಿ, ಮುಂದಿನವರು ಅದರಲ್ಲೇ ಬರೆದು ಕೊನೆಗೆ ತಮ್ಮ ಹೆಸರು ಹಾಕಲಿ. ಪ್ರತಿ ವಾರ ಹೇಳುತ್ತಿದ್ದೆ. ನಾಲ್ಕನೇ ಕಂಪ್ಯೂಟರಿನಲ್ಲಿ ಯಾವಾಗಲೂ ಸುಜಾತಳ ಖಾತೆಯೇ ತೆರೆದಿರುತ್ತಿತ್ತು.

ಒಂದು ಶುಕ್ರವಾರ ಹೆಡ್‌ಮಿಸ್ ಕರೆದು, ಮುಂದಿನ ವಾರ ಇಲಾಖೆಯ ಸಾಹೇಬರು ಲ್ಯಾಬ್ ನೋಡಲು ಬರುತ್ತಾರೆ, ಎಲ್ಲವನ್ನೂ ನಾನೇ ವಿವರಿಸುತ್ತೇನೆ, ನೀವು ಹಿಂದೆ ನಿಂತಿದ್ದರೆ ಸಾಕು ಅಂದರು. ನನ್ನ ಮೈ ಉರಿದುಹೋಯಿತು. ನನ್ನ ನಾಲಿಗೆ ಮೊದಲಿಂದಲೂ ಚೂಪು — ಆದರೆ ದೊಡ್ಡವರ ಎದುರು ಏಳುವುದಿಲ್ಲ, ಬೆನ್ನ ಹಿಂದೆ ಮಾತ್ರ. ಮಕ್ಕಳೆಲ್ಲ ಹೋದ ಮೇಲೆ ಲ್ಯಾಬಿಗೆ ಹೋದೆ. ನಾಲ್ಕನೆಯದೊಂದು ಆನ್ ಇತ್ತು. ವಸಂತಳೊಬ್ಬಳಿಗೇ ಹೇಳಿಕೊಳ್ಳೋಣವೆಂದು ಅವಳ ಪುಟ ತೆರೆಯಲು ಒತ್ತಿದೆ, ಪರದೆ ಬದಲಾದಂತಾಯಿತು, ಬದಲಾಗಿರಲಿಲ್ಲ. ಯಾವ ಪುಟ, ಯಾರ ಖಾತೆ ಎಂದು ಕೋಪದಲ್ಲಿ ನೋಡುವ ತಾಳ್ಮೆ ಎಲ್ಲಿ? ಬರೆದೆ:

"ನಮ್ ಹೆಡ್‌ಮಿಸ್ಸಿಗೆ ಮೌಸ್ ಯಾವ ಕೈಲಿ ಹಿಡಿಯೋದು ಅಂತಾನೂ ಗೊತ್ತಿಲ್ಲ. ಸಾಹೇಬ್ರು ಬಂದ್ರೆ ಮಾತ್ರ ನಗು. ಆ ಪೌಡರ್ ಮುಖ ನೋಡೋಕಾಗಲ್ಲ."

ಒತ್ತಿದ ಮರುಕ್ಷಣ ಕರೆಂಟ್ ಹೋಯಿತು. ಬರೆದದ್ದು ಹೋಗಿರಲಾರದು ಅಂದುಕೊಂಡು ಮನೆಗೆ ಬಂದೆ. ಹೋಗಿತ್ತು. ತರಗತಿಯ ಪುಟಕ್ಕೆ, ಸುಜಾತಳ ಹೆಸರಿನಲ್ಲಿ.

ಸೋಮವಾರ ಬೆಳಿಗ್ಗೆ ಕುಕ್ ಟೌನಿನ ಶಾಲೆಯಿಂದ ಫೋನ್ ಬಂದಿತ್ತು. ಅಲ್ಲಿಯ ಮಕ್ಕಳೆಲ್ಲ ಓದಿ ನಕ್ಕಿದ್ದರು. ಅವರೇ ಪ್ರಿಂಟ್ ತೆಗೆದು ಕಳಿಸಿದ ಹಾಳೆ ಹೆಡ್‌ಮಿಸ್ ಮೇಜಿನ ಮೇಲಿತ್ತು. ನನ್ನ ಸಾಲು ನಾನೇ ಗುರುತು ಹಿಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಅದನ್ನೂ ಮಾಡಲಿಲ್ಲ. ಕೈ ಕಟ್ಟಿಕೊಂಡು ನಿಂತೆ. ಹೆಡ್‌ಮಿಸ್ ಅಳುತ್ತಿದ್ದರು. ಅವರು ಅಳಬಲ್ಲರೆಂದು ನನಗೆ ತಿಳಿದಿರಲಿಲ್ಲ.

ಸುಜಾತಳನ್ನು ಕರೆಸಿದರು. ಮಧ್ಯಾಹ್ನದ ಹೊತ್ತಿಗೆ ಅವಳ ಅಪ್ಪನೂ ಬಂದರು, ಕೆಲಸದ ಬಟ್ಟೆಯಲ್ಲೇ, ಉಗುರಿನ ಸಂದಿಯಲ್ಲಿ ಗ್ರೀಸು. ಅವಳು ಹೆದರಿರಲಿಲ್ಲ. ಸುಮ್ಮನೆ ಆ ಹಾಳೆ ತೆಗೆದುಕೊಂಡು ಓದಿದಳು.

"ಇದರಲ್ಲಿ ಟೈಮ್ ಇದೆ ಮೇಡಂ, ನಾಲ್ಕೂ ನಲವತ್ತು. ನಾನಾಗ ಬಸ್ಸಲ್ಲಿದ್ದೆ," ಅಂದಳು.

ಹೆಡ್‌ಮಿಸ್ ನನ್ನ ಕಡೆ ತಿರುಗಿದರು. "ಈ ಟೈಮ್ ಸರಿ ಇರತ್ತೇನ್ರೀ?"

ಇಡೀ ಶಾಲೆಯಲ್ಲಿ ಕಂಪ್ಯೂಟರ್ ಗೊತ್ತಿದ್ದವಳು ನಾನೊಬ್ಬಳೇ. ನಾನು ಏನು ಹೇಳಿದರೂ ಅದೇ ವೇದವಾಕ್ಯ. "ಅದು ಅಮೆರಿಕದ ಟೈಮ್ ಮೇಡಂ. ನಂಬೋಕಾಗಲ್ಲ," ಅಂದೆ.

ಎಷ್ಟು ಸರಾಗವಾಗಿ ಬಂತು ಆ ಮಾತು — ಈಗಲೂ ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು.

ಸುಜಾತ ನನ್ನನ್ನೇ ನೋಡಿದಳು. "ನೀವೇ ಹೇಳಿದ್ರಲ್ಲ ಮಿಸ್, ಲಾಗ್ ಔಟ್ ಮಾಡ್ಬೇಡಿ ಅಂತ? ನನ್ ಹೆಸರಲ್ಲಿ ಯಾರಾದ್ರೂ ಬರೆದಿರ್ಬೋದಲ್ವಾ?"

ಹೌದು ಅಂದಿದ್ದರೆ ಸಾಕಿತ್ತು. ನಾನೇ ಬರೆದೆ ಅಂತ ಒಪ್ಪಿಕೊಳ್ಳುವ ಎದೆಗಾರಿಕೆ ಇಲ್ಲದಿದ್ದರೂ, ಬರೀ ಹೌದು... ಅವಳು ಉಳಿಯುತ್ತಿದ್ದಳು. ಆದರೆ ಹೌದು ಅಂದರೆ ಮುಂದಿನ ಪ್ರಶ್ನೆ, ಶುಕ್ರವಾರ ಕೊನೆಗೆ ಲ್ಯಾಬಿನಲ್ಲಿ ಯಾರಿದ್ದರು? ಆ ತಿಂಗಳೇ ನನ್ನ ಕೆಲಸ ಖಾಯಂ ಆಗುವುದಿತ್ತು.

"ನಾನು ಹಾಗೆ ಹೇಳೇ ಇಲ್ಲ," ಅಂದೆ.

ಉಳಿದ ಮಕ್ಕಳನ್ನು ಕರೆದು ಕೇಳಿದ್ದರೆ ನಲವತ್ತು ಬಾಯಿ ನನ್ನ ಸುಳ್ಳನ್ನು ಹರಿದು ಹಾಕುತ್ತಿದ್ದವು. ಯಾರೂ ಕೇಳಲಿಲ್ಲ. ಟೀಚರ್ ಹೇಳಿದ ಮೇಲೆ ಮಕ್ಕಳನ್ನು ಕೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಕ್ಷಮಾಪಣೆ ಬರೆದು ಮುಂದಿನ ಸೋಮವಾರದ ಪ್ರಾರ್ಥನೆಯಲ್ಲಿ ಓದಿದರೆ ಬಿಡುತ್ತೇನೆ ಅಂದರು ಹೆಡ್‌ಮಿಸ್. ಪತ್ರ ಬರೆದುಕೊಡಲು ನನಗೇ ಹೇಳಿದರು, ಕನ್ನಡದ ಟೀಚರ್ ಅಲ್ಲವೇ. ಬರೆದೆ. 'ನನ್ನ ನೀಚ ಬುದ್ಧಿಯಿಂದ' ಅಂತಲೂ ಬರೆದೆ. ಆ ಮಾತು ಯಾರದೆಂದು ನನ್ನ ಕೈಗೆ ಗೊತ್ತಿತ್ತು. ಪತ್ರವನ್ನು ಸುಜಾತಳ ಮುಂದಿಟ್ಟೆ. ಅವಳು ಪೆನ್ನು ಮುಟ್ಟಲಿಲ್ಲ.

"ಸೈನ್ ಹಾಕ್ಬಿಡಮ್ಮ," ಅಂದರು ಮುನಿರಾಜು. "ಮಿಸ್ಸು ಯಾಕಮ್ಮ ಸುಳ್ಳೇಳ್ತಾರೆ? ಅವ್ರಿಗೇನು ಬಂದದೆ? ತಪ್ಪು ಎಲ್ರೂ ಮಾಡ್ತಾರೆ, ನಾನು ಬಯ್ಯಲ್ಲ, ಹಾಕು."

"ನಾನು ಬರೆದಿಲ್ಲಪ್ಪ."

ಅಷ್ಟೇ. ಅವಳು ಅಳಲಿಲ್ಲ, ಸಹಿಯನ್ನೂ ಹಾಕಲಿಲ್ಲ. ಮುನಿರಾಜು ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು, ನಂಬಿದ್ದು ನನ್ನನ್ನು. ನನಗೆ ಕೈಮುಗಿದು, "ಮನಸ್ಸಿಗೆ ಬೇಜಾರ್ ಮಾಡ್ಕೋಬೇಡಿ ಮೇಡಮ್ಮ, ಚಿಕ್ಕ ಹುಡ್ಗಿ," ಅಂದರು. ವಾರದಲ್ಲಿ ಟಿ.ಸಿ. ಕೊಟ್ಟರು. ಹತ್ತನೇ ತರಗತಿಯ ನಡುವೆ ಅವಳನ್ನು ಯಾವ ಶಾಲೆಯೂ ಸೇರಿಸಿಕೊಳ್ಳಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತು, ಮರುವರ್ಷ ಕೆ.ಆರ್. ಪುರದಲ್ಲಿ ಖಾಸಗಿಯಾಗಿ ಪರೀಕ್ಷೆ ಕಟ್ಟಿದಳಂತೆ.

ಸಾಹೇಬರು ಬಂದರು, ಲ್ಯಾಬ್ ನೋಡಿ ಮೆಚ್ಚಿದರು. ನನ್ನ ಕೆಲಸ ಖಾಯಂ ಆಯಿತು. ಬೇರೆ ಶಾಲೆಯ ಶಿಕ್ಷಕರಿಗೆ, ಪಾಠದಲ್ಲಿ ಇಂಟರ್‌ನೆಟ್ ಬಳಸುವುದು ಹೇಗೆಂದು ತರಬೇತಿ ಕೊಡಲು ನನ್ನನ್ನೇ ಕಳುಹಿಸಿದರು. ಅಲ್ಲಿ ನಾನು ಹೇಳುತ್ತಿದ್ದ ಮೊದಲ ಮಾತು — ಮಕ್ಕಳಿಗೆ ಲಾಗ್ ಔಟ್ ಮಾಡಲು ಕಲಿಸಿ. ಆಮೇಲೆ ಎಚ್ಚರಿಕೆಗೆಂದು ಒಂದು ಕತೆ ಹೇಳುತ್ತಿದ್ದೆ: ನಮ್ಮ ಶಾಲೆಯಲ್ಲೊಬ್ಬ ಬುದ್ಧಿವಂತ ಹುಡುಗಿ ಇದ್ದಳು, ಹೀಗೆ ಮಾಡಿ ಹಾಳಾದಳು... ಹೆಸರು ಹೇಳುತ್ತಿರಲಿಲ್ಲ, ಅಷ್ಟನ್ನೇ ದೊಡ್ಡ ಮರ್ಯಾದೆ ಅಂದುಕೊಂಡಿದ್ದೆ. ಹೇಳಿ ಹೇಳಿ ಕೊನೆಕೊನೆಗೆ ನಾನೇ ಅರ್ಧ ನಂಬಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದದ್ದಲ್ಲದೆ, ಹೊಲದ ಮೇಲೇ ದೂರು ಹೇಳಿಕೊಂಡು ತಿರುಗಿತು.

ಕಳೆದ ತಿಂಗಳು ಆ ತರಗತಿಯ ಹುಡುಗನೊಬ್ಬ — ಈಗ ಎರಡು ಮಕ್ಕಳ ತಂದೆ — ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಕರೆಯಲು ಬಂದ. ಸುಜಾತ ಬರುತ್ತಾಳಾ ಅಂತ ಕೇಳಿದೆ. "ಅವ್ಳನ್ನ ಕರೆದಿಲ್ಲ ಮಿಸ್. ಹೆಡ್‌ಮಿಸ್ ಬರ್ತಾರಲ್ಲ, ಅವ್ರಿಗೆ ಮುಜುಗರ ಆಗ್ಬಾರ್ದು ಅಂತ," ಅಂದ. ಅವನು ಹೋದ ಮೇಲೆ ನನಗೆ ಊಟ ಸೇರಲಿಲ್ಲ. ಮೂರು ದಿನ ತಡೆದು ಅವನಿಂದಲೇ ನಂಬರು ತರಿಸಿ ಅವಳಿಗೆ ಫೋನ್ ಮಾಡಿದೆ. ಅವಳಿಗೀಗ ಇಂದಿರಾನಗರದ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ನಾನು ಯಾರೆಂದು ಹೇಳಿ, ತಡವರಿಸುತ್ತಾ, ನಾನೇ ಬರೆದದ್ದು ಸುಜಾತ ಅಂದೆ.



"ನೀವು 'ಹೇಳೇ ಇಲ್ಲ' ಅಂದಾಗ್ಲೇ ನಂಗೆ ಗೊತ್ತಾಯ್ತು ಮಿಸ್," ಅಂದಳು. "ನಂಗೆ ಹೇಳೋದ್ರಿಂದ ಏನಿದೆ? ನಮ್ಮಪ್ಪಂಗೆ ಹೇಳಿ. ಇವತ್ತಿಗೂ ಮನೆಗೆ ಯಾರೇ ಬಂದ್ರೂ, 'ಆ ಒಂದು ತಪ್ಪು ಬಿಟ್ರೆ ನನ್ ಮಗ್ಳು ಬಂಗಾರ' ಅಂತಾರೆ. ಪ್ರೀತಿಯಿಂದ್ಲೇ ಅಂತಾರೆ. ಪ್ರತಿ ಸಲ ಕೇಳ್ಬೇಕು ನಾನು."

ಫೋನ್ ಇಟ್ಟಳು. ಕ್ಷಮಿಸಿದೆ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಮುಖವೂ ನನಗಿಲ್ಲ.

ಭಾನುವಾರ ಗರುಡಾಚಾರ್‌ಪಾಳ್ಯಕ್ಕೆ ಹೋಗುತ್ತೇನೆ. ಮುನಿರಾಜು ನನ್ನನ್ನು ಕಂಡ ಕೂಡಲೇ ಕೈಮುಗಿಯುತ್ತಾರೆ, ಕುರ್ಚಿ ಹಾಕುತ್ತಾರೆ, ಕಾಫಿ ಮಾಡಿಸಲು ಏಳುತ್ತಾರೆ. ನಾನು ಕೂರುವುದಿಲ್ಲ. ಕಾಫಿ ಬರುವ ಮೊದಲೇ ಹೇಳಿಬಿಡಬೇಕು; ಕುಡಿದ ಮೇಲೆ ನನ್ನ ಧೈರ್ಯವನ್ನು ನಾನು ನಂಬುವುದಿಲ್ಲ. ಮನೆ ತುಂಬ ಜನ ಇದ್ದರೆ ಒಳ್ಳೆಯದೇ ಆಯಿತು, ಎಲ್ಲರೂ ಕೇಳಲಿ. ಆ ಒಂದು ತಪ್ಪೂ ನಿಮ್ಮ ಮಗಳು ಮಾಡಿದ್ದಲ್ಲ.