ತಮ್ಮನ ಫೋಟೋ ತೆಗೆಯಲು ಕಲಿತದ್ದು

ಫೋಟೋ ತೆಗೆಯುವುದನ್ನು ನಾನು ಕಲಿತದ್ದು ಸಿಟ್ಟಿನಿಂದ. ಕೆಲವರು ಹಕ್ಕಿ ನೋಡುವ ಹುಚ್ಚಿನಿಂದ ಕಲಿಯುತ್ತಾರೆ, ಕೆಲವರು ಮನೆಯಲ್ಲಿ ಮಗು ಹುಟ್ಟಿತೆಂದು ಕ್ಯಾಮೆರಾ ಕೊಳ್ಳುತ್ತಾರೆ. ನನಗೆ ಆ ಸಿಟ್ಟು ಹತ್ತಿದ್ದು ಕಾಸರಗೋಡಿನ ಒಂದು ಸಭಾಂಗಣದಲ್ಲಿ, ಗೋಡೆಗೆ ತೂಗುಹಾಕಿದ್ದ ನನ್ನ ತಮ್ಮನ ಎದುರು ನಿಂತಾಗ.

ತಮ್ಮನಿಗೆ ಈಗ ಮೂವತ್ತು ದಾಟಿದೆ. ಅವನಿಗೆ ನಡೆಯಲು ಬರುವುದಿಲ್ಲ, ಮಾತಾಡಲು ಬರುವುದಿಲ್ಲ, ಕೈಕಾಲು ಅವನು ಬಯಸಿದ ಕಡೆಗೆ ಹೋಗುವುದಿಲ್ಲ. ನಮ್ಮ ಮನೆ ಬಾಯಾರು ದಾಟಿ ಪೆರ್ಲದ ದಿಕ್ಕಿಗೆ, ಒಂದು ಗೇರುಗುಡ್ಡೆಯ ಬುಡದಲ್ಲಿದೆ. ಆ ಗುಡ್ಡೆಯ ಗೇರುಮರಗಳಿಗೆ ಹೆಲಿಕಾಪ್ಟರಿನಿಂದ ಕೀಟ ಕೊಲ್ಲುವ ಮದ್ದು ಬಿಡುತ್ತಿದ್ದ ಕಾಲದಲ್ಲಿ ಬಾವಿ ಮುಚ್ಚಿಡಿ ಎಂದು ಹೇಳಿ ಹೋಗುತ್ತಿದ್ದರಂತೆ. ನಮಗೆ ಬಾವಿ ಇರಲಿಲ್ಲ. ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ಹರಿದು ಬಂದು ಅಂಗಳದ ಬದಿಯ ಕೆರೆಗೆ ಬೀಳುತ್ತಿತ್ತು. ಕೆರೆಯನ್ನು ಯಾವ ತಟ್ಟಿಯಿಂದ ಮುಚ್ಚುವುದು? ಅಮ್ಮ ಆ ನೀರನ್ನೇ ಕುಡಿದಳು, ಅದರಲ್ಲೇ ಗಂಜಿ ಬೇಯಿಸಿದಳು, ಬಸುರಿಯಾದಳು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಹೇಳಿದವರು ಬೇಕಾದಷ್ಟು ಜನ ಇದ್ದಾರೆ, ಅವರಿಗೆಲ್ಲ ಶಾಲು ಸಿಕ್ಕಿದೆ.

ತಮ್ಮನಿಗೆ ತನ್ನದೇ ಗುಣಗಳಿವೆ. ಗಂಜಿಗೆ ಉಪ್ಪಿನಕಾಯಿಯ ರಸ ಬೀಳದಿದ್ದರೆ ಬಾಯಿ ಬಿಚ್ಚುವುದಿಲ್ಲ. ದೊಡ್ಡಮ್ಮ ಬಂದರೆ ಬೇಕೆಂದೇ ನಿದ್ದೆ ನಟಿಸುತ್ತಾನೆ. ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿದ್ದರೆ ಸಾಕು, ಮೈಯೆಲ್ಲ ಕುಣಿಸಿ ನಗುತ್ತಾನೆ. ಮನೆಗೆ ಫೋಟೋ ತೆಗೆಯಲು ಬರುತ್ತಿದ್ದವರಿಗೆ ಇದೊಂದೂ ಬೇಕಾಗಿರಲಿಲ್ಲ. ಅವರು ಹೆಚ್ಚಾಗಿ ಆದಿತ್ಯವಾರ ಬರುತ್ತಿದ್ದರು, ಗುಂಪು ಕಟ್ಟಿಕೊಂಡು. ಒಬ್ಬ ಅಂಗಿ ಬಿಚ್ಚಿಸಿ ಎನ್ನುತ್ತಿದ್ದ. ಇನ್ನೊಬ್ಬ ಅಮ್ಮನನ್ನು ತಲೆಗೆ ಕೈಕೊಟ್ಟು ಕೂರಿಸುತ್ತಿದ್ದ. ಅಮ್ಮ ಕೂತು ಎದ್ದು, ಅವರಿಗೇ ಚಹಾ ಮಾಡುತ್ತಿದ್ದಳು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಹಾಗೆ ಬಂದವರಲ್ಲಿ ಒಬ್ಬರು ಕಾಸರಗೋಡಿನ ತಮ್ಮ ಫೋಟೋ ಪ್ರದರ್ಶನಕ್ಕೆ ಕರೆದರು. ನಾನು ಬದಿಯಡ್ಕದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವವಳು. ಅರ್ಧ ದಿನ ರಜೆ ಹಾಕಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದೆ. ಬಾಗಿಲ ಎದುರಿಗೇ ತಮ್ಮ ಇದ್ದ, ಆಳೆತ್ತರಕ್ಕೆ, ಕಪ್ಪುಬಿಳುಪಿನಲ್ಲಿ. ತಲೆ ಕುಂಬಳಕಾಯಿಯಷ್ಟು, ಕಾಲು ಕಡ್ಡಿಯಷ್ಟು. ಕೆಳಗೆ ‘ಮುಗ್ಧ ಕಂದ’ ಎಂದು ಬರೆದಿತ್ತು. ಮೀಸೆ ಬಂದ ಗಂಡಸು ಕಂದ! ಜನ ಅವನ ಎದುರು ನಿಂತು ಛೆ ಛೆ ಎಂದು, ಮುಂದೆ ಹೋಗಿ ಚಟ್ಟಂಬಡೆ ತಿನ್ನುತ್ತಿದ್ದರು. ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಫೋಟೋ ತೆಗೆದವರನ್ನು ಹುಡುಕಿ ಕೇಳಿದೆ:

“ನನ್ನ ತಮ್ಮನ ತಲೆ ಇಷ್ಟು ದೊಡ್ಡ ಇಲ್ಲ. ಇದೆಂತ ಹೀಗೆ?”

“ವೈಡ್ ಲೆನ್ಸ್ ಅಲ್ವಾ, ಹತ್ತಿರ ಹೋಗಿ ಮೇಲಿಂದ ತೆಗೆದ್ರೆ ಹಾಗೇ ಬರ್ತದೆ,” ಎಂದರು ಅವರು, ಪಾಠ ಹೇಳುವ ಖುಷಿಯಲ್ಲಿ. “ನೋಡುವವರಿಗೆ ಒಮ್ಮೆ ಎದೆಗೆ ತಾಗ್ಬೇಕಲ್ಲ.”

ಬಸ್ಸಿನಲ್ಲಿ ಇಡೀ ದಾರಿ ಅದನ್ನೇ ಯೋಚಿಸಿದೆ. ಹಾಗೆ ತೆಗೆದರೆ ಹಾಗೆ ಬರುತ್ತದೆ ಎಂದಾದರೆ, ಬೇರೆ ರೀತಿ ತೆಗೆದರೆ ಬೇರೆ ರೀತಿ ಬರಲೇಬೇಕು. ನನ್ನ ತಮ್ಮ ಇರುವ ಹಾಗೆಯೇ ಕಾಣುವ ಒಂದೇ ಒಂದು ಫೋಟೋ ನನಗೆ ಬೇಕಿತ್ತು.

ಗಲ್ಫಿನಿಂದ ಮರಳಿದ್ದ ಚಿಕ್ಕಮ್ಮನ ಮಗನಲ್ಲಿ ಒಂದು ಹಳೆಯ ಡಿಜಿಟಲ್ ಕ್ಯಾಮೆರಾ ಇತ್ತು. ಅವನೀಗ ಎಲ್ಲವನ್ನೂ ಫೋನಿನಲ್ಲೇ ತೆಗೆಯುತ್ತಾನೆ. “ತಕ್ಕೊಂಡೋಗು ಮಾರಾಯ್ತಿ, ಇಲ್ಲಿ ಬೂಸಲು ಹಿಡೀತಾ ಉಂಟು,” ಎಂದ. ಬ್ಯಾಟರಿಯ ಮುಚ್ಚಳ ಮುರಿದಿತ್ತು, ರಬ್ಬರ್ ಬ್ಯಾಂಡ್ ಹಾಕಿದೆ. ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದು. ಕುತ್ತಿಗೆಗೆ ನೇತುಹಾಕಿಕೊಂಡು ಅಂಗಳದಲ್ಲಿ ನಿಂತದ್ದನ್ನು ನೋಡಿ ದೊಡ್ಡಮ್ಮ, “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ,” ಎಂದಳು. ನನ್ನ ಜುಟ್ಟಿಗೆ ಮಲ್ಲಿಗೆ ಮುಡಿಸಲು ಯಾರೂ ಬರಲಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಇಂಥ ತಮ್ಮನಿರುವ ಮನೆಯಿಂದ ಹೆಣ್ಣು ತರುವುದು ಹೇಗೆ ಎಂದು ಕೇಳಿ ವಾಪಸಾದವರಿಗೆ ಅವಳೇ ದಾರಿ ತೋರಿಸಿದ್ದಳು.

ಬಸ್ಸಿನಲ್ಲಿ ಕೂತು ಫೋನಿನಲ್ಲಿ ಮಲಯಾಳದ ವೀಡಿಯೋ ಪಾಠ ನೋಡುತ್ತಿದ್ದೆ. ಮನೆಗೆ ಬಂದು ಸುಲಿದ ತೆಂಗಿನಕಾಯಿಯೊಂದನ್ನು ಜುಟ್ಟು ಬಿಟ್ಟು ಜಗಲಿಯಲ್ಲಿಟ್ಟು ಅಭ್ಯಾಸ ಮಾಡುತ್ತಿದ್ದೆ. ಹತ್ತಿರ ಹೋಗಿ ತೆಗೆದರೆ ಕಾಯಿಯ ಮೂತಿ ಉಬ್ಬಿಕೊಂಡು ಬರುತ್ತಿತ್ತು, ಹಿಂಭಾಗ ಸೊರಗುತ್ತಿತ್ತು. ಹಿಂದೆ ಸರಿದು ಅಂಗಳದ ತುದಿಯಿಂದ ಝೂಮ್ ಮಾಡಿದರೆ ಕಾಯಿ ಕಾಯಿಯ ಹಾಗೆಯೇ ಇರುತ್ತಿತ್ತು. ಪ್ರದರ್ಶನದಲ್ಲಿ ಛೆ ಛೆ ಎಂದವರೆಲ್ಲ ಇಷ್ಟಕ್ಕೇ ಕರಗಿದ್ದರು. ಅದು ತಿಳಿದ ದಿನ ನಾನು ಒಬ್ಬಳೇ ಜಗಲಿಯಲ್ಲಿ ಕೂತು ನಕ್ಕೆ, ಒಳ್ಳೆಯ ನಗೆಯೇನಲ್ಲ.

ತೆಂಗಿನಕಾಯಿ ಅಲುಗಾಡುವುದಿಲ್ಲ. ತಮ್ಮ ಸುಮ್ಮನಿರುವುದಿಲ್ಲ. ಮೊದಲ ತಿಂಗಳುಗಳ ಫೋಟೋಗಳಲ್ಲಿ ಅವನ ಕೈಯಿದ್ದಲ್ಲಿ ಬರೀ ಮಬ್ಬು. ಶಟರಿನ ವೇಗ ಹೆಚ್ಚಿಸಿದರೆ ಕೋಣೆ ಕತ್ತಲಾಗುತ್ತಿತ್ತು, ಕತ್ತಲು ಸರಿಪಡಿಸಿದರೆ ಮುಖದ ಮೇಲೆ ರಾಗಿ ಚೆಲ್ಲಿದ ಹಾಗೆ ಚುಕ್ಕಿಗಳು. ಫ್ಲ್ಯಾಶ್ ಹೊಡೆದರೆ ಅವನು ಬೆಚ್ಚಿಬೀಳುತ್ತಿದ್ದ, ಅದನ್ನು ಒಮ್ಮೆ ಮಾಡಿ ಬಿಟ್ಟೆ. ಮಧ್ಯಾಹ್ನ ಕಳೆದ ಮೇಲೆ ಮೂಡಣ ಕಿಟಕಿಯಿಂದ ಮೆತ್ತಗಿನ ಬೆಳಕು ಬರುತ್ತದೆ ಎಂದು ಕಂಡುಕೊಂಡೆ. ಚಾಪೆಯನ್ನು ಅಲ್ಲಿಗೆ ಎಳೆದೆ. ಎದುರು ಬದಿಗೆ, ತೀರಿಹೋದ ಅಪ್ಪನ ಹಳೆಯ ಬಿಳಿ ಪಂಚೆ ಕಟ್ಟಿದೆ. ಕಿಟಕಿಯ ಬೆಳಕು ಪಂಚೆಗೆ ಬಡಿದು ತಿರುಗಿ ಅವನ ಇನ್ನೊಂದು ಕೆನ್ನೆಗೂ ಬೀಳುತ್ತಿತ್ತು. ನಾನು ನೆಲದ ಮೇಲೆ ಬೋರಲು ಮಲಗಿ ನನ್ನ ಕಣ್ಣನ್ನು ಅವನ ಕಣ್ಣಿನ ಮಟ್ಟಕ್ಕೆ ತಂದೆ. ಮೂವತ್ತು ವರ್ಷ ಅವನನ್ನು ಮೇಲಿನಿಂದಲೇ ನೋಡಿದ್ದೆ. ಅವನ ಮಟ್ಟದಿಂದ ನೋಡುವಾಗ ಅವನ ಗಲ್ಲ ಗಟ್ಟಿಯಾಗಿ, ಯಾರ ಹಂಗೂ ಇಲ್ಲದವನ ಗಲ್ಲದಂತೆ ಕಾಣುತ್ತಿತ್ತು.

ಅವನಿಗೂ ಇದು ಆಟವಾಯಿತು. ನಾನು ಕ್ಯಾಮೆರಾ ಹಿಡಿದು ಮಲಗಿ “ಹ್ಞೂಂ” ಎಂದರೆ ಅಮ್ಮ ಅಡುಗೆಮನೆಯಲ್ಲಿ ಒಂದು ಮುಚ್ಚಳ ಬೀಳಿಸುತ್ತಿದ್ದಳು. ಮುಚ್ಚಳಗಳೆಲ್ಲ ನೆಗ್ಗಿಹೋದವು ಎಂದು ಗೊಣಗುತ್ತ ಬೀಳಿಸುತ್ತಿದ್ದಳು. ಕೆಲವು ವಾರಗಳಲ್ಲಿ ಮುಚ್ಚಳವೂ ಬೇಡವಾಯಿತು, ಕ್ಯಾಮೆರಾ ಕಂಡರೇ ನಗಲು ಶುರುಮಾಡುತ್ತಿದ್ದ.

ಹವ್ಯಾಸಿಗಳ ಒಂದು ವಾಟ್ಸಾಪ್ ಗುಂಪಿಗೆ ಸೇರಿದ್ದೆ. ನನ್ನ ತೆಂಗಿನಕಾಯಿಗೆ ಹೆಬ್ಬೆರಳು ತೋರಿಸಿದವರು, ತಮ್ಮನ ಫೋಟೋ ಹಾಕಿದಾಗ ಸಲಹೆ ಕೊಟ್ಟರು. ಕಪ್ಪುಬಿಳುಪು ಮಾಡಿ, ಫೀಲ್ ಬರುತ್ತದೆ ಎಂದು ಒಬ್ಬರು. ಕಿಟಕಿಯ ಸರಳು ಸೇರಿಸಿ ತೆಗೆಯಿರಿ, ಜೈಲಿನ ಭಾವನೆ ಬರಲಿ ಎಂದು ಇನ್ನೊಬ್ಬರು. ಅವರವರ ಮಕ್ಕಳ ಹುಟ್ಟುಹಬ್ಬದ ಫೋಟೋಗೆ ಯಾರೂ ಸರಳು ಸೇರಿಸಿದ್ದು ನಾನು ನೋಡಲಿಲ್ಲ. ಗುಂಪು ಬಿಟ್ಟೆ.

ಕೊನೆಗೂ ಒಂದು ದಿನ ನನಗೆ ಬೇಕಿದ್ದ ಫೋಟೋ ಬಂತು. ಬೆಳಿಗ್ಗೆ ನಾನೇ ಅವನ ಗಡ್ಡ ತೆಗೆದು, ಮೀಸೆ ಟ್ರಿಮ್ ಮಾಡಿ, ನೀಲಿ ಅಂಗಿ ಹಾಕಿದ್ದೆ. ಅವನು ಕಿಟಕಿಯ ಕಡೆಗೆ ಅರ್ಧ ತಿರುಗಿ ನಗುತ್ತಿದ್ದ. ಎರಡೂ ಕಣ್ಣು ಸ್ಪಷ್ಟ, ಎತ್ತಿದ ಕೈಯ ಐದೂ ಬೆರಳು ಸ್ಪಷ್ಟ. ಅಮ್ಮನಿಗೆ ಕ್ಯಾಮೆರಾದ ಪರದೆಯಲ್ಲಿ ತೋರಿಸಿದೆ. ಅವಳು ಕನ್ನಡಕ ಹಾಕಿ, ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿದಳು.

“ಅಯ್ಯೋ, ಇವ ನನ್ನ ಅಪ್ಪನ ಹಾಗೇ ಉಂಟಲ್ಲ!” ಎಂದಳು. “ನನಗೆ ಇಷ್ಟು ವರ್ಷ ಗೊತ್ತೇ ಆಗ್ಲಿಲ್ಲ.”

ಉಪ್ಪಳದ ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿ, ಚೌಕಟ್ಟು ಕಟ್ಟಿಸಿ, ಟಿವಿಯ ಪಕ್ಕ ನಿಲ್ಲಿಸಿದೆವು. ಅಷ್ಟು ಸಂತೋಷ ನಮ್ಮ ಮನೆಗೆ ಬಂದದ್ದು ನನಗೆ ನೆನಪಿಲ್ಲ.

ಆ ಮಳೆಗಾಲದಲ್ಲಿ ತಮ್ಮನಿಗೆ ಅನ್ನ ನೆತ್ತಿಗೆ ಹತ್ತುವುದು ಹೆಚ್ಚಾಯಿತು. ಅಮ್ಮ ಅವನನ್ನು ತನ್ನ ಎದೆಗೆ ಒರಗಿಸಿ ಕೂರಿಸಿ ಉಣ್ಣಿಸುತ್ತಿದ್ದಳು. ಅವಳ ಸೊಂಟ ಈಗೀಗ ಮಾತು ಕೇಳುತ್ತಿರಲಿಲ್ಲ. ಎರಡು ಸಲ ಅವನು ಜಾರಿದ, ಒಮ್ಮೆ ಕೆಮ್ಮಿ ಕೆಮ್ಮಿ ತುಟಿ ನೀಲಿಯಾಯಿತು. ಬೆನ್ನಿಗೂ ಕುತ್ತಿಗೆಗೂ ಆಧಾರವಿರುವ, ಅವನ ಅಳತೆಗೇ ಮಾಡಿಸಿದ ಗಾಲಿಕುರ್ಚಿ ಬೇಕು, ಇಲ್ಲದಿದ್ದರೆ ಒಂದು ದಿನ ಉಸಿರು ಕಟ್ಟೀತು ಎಂದರು ಆಸ್ಪತ್ರೆಯವರು. ಅಂಥದನ್ನು ಕೊಳ್ಳುವುದು ನಮ್ಮ ಕೈಯಳತೆಯ ಮಾತಲ್ಲ. ಊರಲ್ಲಿ ಒಂದು ಸೇವಾ ಸಂಘವಿತ್ತು. ಅದರ ಕಾರ್ಯದರ್ಶಿ ನಿವೃತ್ತ ಮಾಸ್ಟ್ರು. ದಾನಿಗಳಿಗೆ ಕಳಿಸುವ ಪುಸ್ತಿಕೆಯಲ್ಲಿ ತಮ್ಮನ ವಿಷಯ ಹಾಕುತ್ತೇನೆ, ಒಂದು ಫೋಟೋ ಕೊಡಿ ಎಂದರು. ನಾನು ಚೌಕಟ್ಟಿನಿಂದ ಪ್ರಿಂಟು ಬಿಡಿಸಿ ಹೆಮ್ಮೆಯಿಂದ ತೆಗೆದುಕೊಂಡು ಹೋದೆ.

ಮಾಸ್ಟ್ರು ಬಹಳ ಹೊತ್ತು ನೋಡಿದರು.

“ಚಂದ ಬಂದಿದೆ ಮಗ. ನೀನೇ ತೆಗೆದದ್ದಾ?” ಎಂದರು. ಆಮೇಲೆ ಅದನ್ನು ಮೆಲ್ಲಗೆ ನನ್ನ ಕಡೆಗೆ ದೂಡಿದರು. “ಆದ್ರೆ ಇದು ಆಗುದಿಲ್ಲ. ಇದರಲ್ಲಿ ಇವನಿಗೆ ಎಂತ ಆಗಿದೆ ಅಂತಲೇ ಗೊತ್ತಾಗುದಿಲ್ಲ. ನಗ್ತಾ ಇರುವವನಿಗೆ ಯಾರು ಕುರ್ಚಿ ಕೊಡ್ತಾರೆ ಹೇಳು?”

“ಅವ ನಗುದೇ ಹಾಗೆ ಮಾಸ್ಟ್ರೇ.”

“ನನಗೆ ಗೊತ್ತುಂಟು, ನಿನಗೆ ಗೊತ್ತುಂಟು. ದೂರದಲ್ಲಿ ಕೂತು ನೋಡುವವರಿಗೆ?”

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎರಡು ಮಾತು ಬೈದು ಎದ್ದು ಬರುತ್ತಿದ್ದೆ. ಮನೆಗೆ ಬಂದು, ಬೇರೆ ಫೋಟೋ ತೆಗೆಯುವುದಿಲ್ಲ, ಬೇಕಾದರೆ ಹಿಂದೆ ಬಂದು ತೆಗೆದವರ ಹತ್ತಿರ ಕೇಳಿ ಪಡೆಯಲಿ ಎಂದು ಹಾರಾಡಿದೆ. ಅಮ್ಮ ತಮ್ಮನಿಗೆ ಉಣ್ಣಿಸುತ್ತಿದ್ದಳು. ಅವನ ತಲೆ ಅವಳ ಭುಜದಿಂದ ಜಾರುತ್ತಿತ್ತು, ಅವಳು ಮೊಣಕೈಯಿಂದ ಎತ್ತುತ್ತಿದ್ದಳು.

“ನಿನ್ನ ಮರ್ಯಾದೆ ದೊಡ್ಡದಾ, ಇವನ ಜೀವ ದೊಡ್ಡದಾ?” ಎಂದಳು. “ಬೇರೆಯವರು ಯಾಕೆ? ನಿನಗೇ ಬರ್ತದಲ್ಲ. ತೆಗೆ.”

ಬರುತ್ತಿತ್ತು. ಯಾರಿಗಿಂತಲೂ ಚೆನ್ನಾಗಿ ಬರುತ್ತಿತ್ತು. ಒಳ್ಳೆಯ ಫೋಟೋ ತೆಗೆಯಲು ಕಲಿತವಳಿಗೆ ಕೆಟ್ಟದ್ದು ಹೇಗೆ ಬರುತ್ತದೆ ಎಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಂಚೆ ಬಿಚ್ಚಿದೆ, ಕೆನ್ನೆಯ ಒಂದು ಬದಿ ಕತ್ತಲಾಯಿತು. ಕಿಟಕಿಯ ಒಂದು ಬಾಗಿಲು ಮುಚ್ಚಿದೆ. ಅಂಗಿ ಬಿಚ್ಚಿದೆ. ಸ್ಟೂಲು ಹತ್ತಿ ಲೆನ್ಸನ್ನು ಅಗಲಕ್ಕೆ ತಿರುಗಿಸಿ ಅವನ ಮುಖಕ್ಕೆ ಬಾಗಿದೆ. ಪರದೆಯಲ್ಲಿ ಅವನ ತಲೆ ಉಬ್ಬಿಕೊಂಡಿತು, ಕಾಲು ದೂರ ಸಾಗಿ ಕಡ್ಡಿಯಾಯಿತು. ಪ್ರದರ್ಶನದ ಫೋಟೋವೇ ನನ್ನ ಕೈಗೆ ಬಂದು ಕೂತಿತ್ತು. ಒಂದು ಮಾತ್ರ ಸರಿಹೋಗಲಿಲ್ಲ. ತಮ್ಮ ನಗುತ್ತಿದ್ದ. ಕ್ಯಾಮೆರಾ ಬಂತೆಂದರೆ ಆಟ ಎಂದು ನಾನೇ ಕಲಿಸಿದ್ದೆನಲ್ಲ, ಮುಚ್ಚಳ ಬೀಳುವುದನ್ನು ಕಾಯುತ್ತ ಕುಣಿಕುಣಿದು ನಗುತ್ತಿದ್ದ.

ಕಾದೆ. ಅವನು ನಿಲ್ಲಿಸಲಿಲ್ಲ. ಬಾಗಿಲಲ್ಲಿ ಅಮ್ಮ ನಿಂತಿದ್ದಳು.

ಬೈದೆ. ಜೀವಮಾನದಲ್ಲಿ ಅವನಿಗೆ ಒಮ್ಮೆಯೂ ಗದರದವಳು, ಬಾಯಿಗೆ ಬಂದದ್ದನ್ನೆಲ್ಲ ಬೈದೆ. “ಸಾಕು ನಿನ್ನ ನಗೆ! ನಿನ್ನಿಂದ ಅಮ್ಮನ ಸೊಂಟ ಹೋಯ್ತು, ನನ್ನ ಬದುಕು ಹೋಯ್ತು, ಇನ್ನೆಂತಕ್ಕೆ ನಗ್ತೀ? ಮುಚ್ಚು ಬಾಯಿ!” ಸುಳ್ಳು ಬೈಗುಳವೆಂದು ಶುರುಮಾಡಿದ್ದೆ. ಅರ್ಧಕ್ಕೆ ಬರುವಾಗ ಅದು ನಿಜವೇ ಆಗಿತ್ತು, ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದೆ. ಅವನಿಗೆ ಮಾತು ಎಷ್ಟು ತಿಳಿಯುತ್ತದೋ ಗೊತ್ತಿಲ್ಲ, ದನಿ ತಿಳಿಯುತ್ತದೆ. ನಗೆ ತುಟಿಯಲ್ಲೇ ನಿಂತಿತು. ಮುಖ ಸಣ್ಣದಾಯಿತು. ಕಣ್ಣು ಕೆಳಗಿಳಿಯಿತು. ಒತ್ತಿದೆ. ಕಣ್ಣಂಚಿನ ನೀರು ಕೂಡ ಫೋಕಸ್ಸಿನಲ್ಲಿತ್ತು.

ಅಮ್ಮ ಒಳಗೆ ಹೋದಳು. ನಾನು ಸ್ಟೂಲಿನಿಂದ ಇಳಿದು ಅವನಿಗೆ ಅಂಗಿ ಹಾಕಿದೆ.

“ಈಗ ಸರಿಯಾಯ್ತು ನೋಡು,” ಎಂದರು ಮಾಸ್ಟ್ರು. “ಕರುಳು ಚುರುಕ್ ಅಂತದೆ.” ಪುಸ್ತಿಕೆಯ ಹೊದಿಕೆಗೇ ಹಾಕಿದರು. ಓಣಂ ಕಳೆಯುವಷ್ಟರಲ್ಲಿ ಕುರ್ಚಿ ಬಂತು. ಒಳ್ಳೆಯ ಕುರ್ಚಿ, ಸುಳ್ಳು ಹೇಳಬಾರದು. ತಮ್ಮ ಈಗ ನೇರ ಕೂತು ಉಣ್ಣುತ್ತಾನೆ, ಅನ್ನ ನೆತ್ತಿಗೆ ಹತ್ತುವುದು ನಿಂತಿದೆ, ಸಂಜೆ ಜಗಲಿಯಲ್ಲಿ ಕೂತು ಬಸ್ಸು ನೋಡುತ್ತಾನೆ. ದೊಡ್ಡಮ್ಮ ಬಂದರೆ ನಿದ್ದೆಯನ್ನೂ ನಟಿಸುತ್ತಾನೆ.

ಹದಿನೈದು ದಿನ ಬಿಟ್ಟು ಮಾಸ್ಟ್ರ ಫೋನು ಬಂತು. ಕುರ್ಚಿ ಕೊಡಿಸಿದವರಿಗೆ ಒಂದು ಫೋಟೋ ಕಳಿಸಬೇಕಂತೆ. “ಕುರ್ಚಿಯಲ್ಲಿ ಕೂತು ನಗ್ತಾ ಇರ್ಬೇಕು ಆಯ್ತಾ? ತಾವು ಕೊಟ್ಟದ್ದರಿಂದ ಅವನಿಗೆ ಖುಷಿ ಆಗಿದೆ ಅಂತ ಅವರಿಗೆ ಕಾಣ್ಬೇಕು. ನೀನು ಮೊದಲು ತೆಗೆದದ್ದಿತ್ತಲ್ಲ, ಅಂಥದ್ದು.”

ಅವನಿಗೆ ನೀಲಿ ಅಂಗಿ ಹಾಕಿದೆ. ಜಗಲಿಯಲ್ಲಿ ಸಂಜೆಯ ಬೆಳಕು ಹದವಾಗಿತ್ತು. ಕುರ್ಚಿಯ ಎದುರು ಮೊಣಕಾಲೂರಿ ಕೂತು ಕ್ಯಾಮೆರಾ ಎತ್ತಿದೆ. ಅವನು ಬಸ್ಸಿನ ದಾರಿಯಿಂದ ಕಣ್ಣು ತಿರುಗಿಸಿ ನನ್ನನ್ನು ನೋಡಿದ, ಕೈಯಲ್ಲಿದ್ದುದನ್ನು ನೋಡಿದ. ಮುಖ ಸಣ್ಣ ಮಾಡಿ, ಕಣ್ಣು ಕೆಳಗೆ ಹಾಕಿ, ನಾನು ಬೈಯುವುದನ್ನು ಕಾಯುತ್ತ ಕೂತ.