ದಾನೇಶ್ವರಿ ಬಿಚ್ಚಿದ ಟರ್ಬೊ

ಶಹಾಬಾದದ ದಾನೇಶ್ವರಿಗೆ ಕೆಟ್ಟ ಹೊಲಿಗೆ ಮಷೀನು ಸಿಕ್ಕರೆ ಊಟದ ನೆನಪಿರುವುದಿಲ್ಲ. ಅವಳ ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಅಲ್ಲೇ ಕೂತು ಬೆಳೆದ ಮಗಳು ಹತ್ತು ವರ್ಷಕ್ಕೇ ಚಕ್ರದ ಡೊಂಕು ತೆಗೆಯುವುದನ್ನು ಕಲಿತಿದ್ದಳು. ಮದುವೆಯಾದ ಮೇಲೆ ಬ್ಲೌಸ್ ಹೊಲಿಯಲು ಹಳೆಯ ಮಷೀನೊಂದನ್ನು ತಂದಳು. ಅದು ಮೇಲಿಂದ ಮೇಲೆ ದಾರ ಹರಿಯುತ್ತಿತ್ತು. ಪೂರ್ತಿ ಬಿಚ್ಚಿ ಸರಿಮಾಡಿದಳು. ಹೊಲಿಗೆ ಹಿಂದೆ ಬಿತ್ತು, ರಿಪೇರಿಯೇ ಕಸುಬಾಯಿತು. ಈಗ ಅವಳಿಗೆ ನಲವತ್ತೇಳು. ಚಿತ್ತಾಪುರದಿಂದಲೂ ಆಟೋದಲ್ಲಿ ಮಷೀನುಗಳು ಬರುತ್ತವೆ.

ಗಂಡ ಸಿದ್ಧಲಿಂಗನದು ಸ್ವಂತದ ಸಣ್ಣ ಲಾರಿ. ನೆಲಕ್ಕೆ ಹಾಸುವ ಶಹಾಬಾದದ ಫರ್ಸಿ ಕಲ್ಲು ಹೇರಿಕೊಂಡು ಸೇಡಂ, ಚಿಂಚೋಳಿ ಕಡೆ ಹೋಗುತ್ತಾನೆ. ಕಳೆದ ದೀಪಾವಳಿ ಮುಗಿದ ವಾರ ಐನಾಪುರಕ್ಕೆ ಕಲ್ಲು ಒಯ್ಯುವಾಗ, ಮಳಖೇಡ ದಾಟುತ್ತಲೇ ಎಂಜಿನ್ನಿನಿಂದ ಚೀರಿದಂಥ ಸದ್ದು ಬಂತು. ಹಿಂದೆ ನೀಲಿ ಹೊಗೆ ಎದ್ದಿತು. ಗಾಡಿಗೆ ಏರು ಹತ್ತುವ ತ್ರಾಣವೇ ಇಲ್ಲ. ಇನ್ನೊಂದು ಲಾರಿಗೆ ಕಟ್ಟಿ ಎಳೆಸಿಕೊಂಡು ವಾಡಿಗೆ, ತನ್ನ ಹಳೆಯ ಮೆಕ್ಯಾನಿಕ್ ದೇವಿಂದ್ರನ ಗ್ಯಾರೇಜಿಗೆ ಬಂದ. ದೇವಿಂದ್ರ ನೋಡಿ, ಟರ್ಬೊ ಹೋಗಿದೆ ಎಂದು ಹೊಸದನ್ನು ಕೂಡಿಸಿದ. ಶನಿವಾರ ಮಧ್ಯಾಹ್ನ ಸಿದ್ಧಲಿಂಗ ಕಲ್ಲಿನ ಸಮೇತ ಮನೆಗೆ ಬಂದಾಗ ಹಳೆಯ ಟರ್ಬೊ ಗೋಣಿಚೀಲದಲ್ಲಿತ್ತು.

"ಗುಜರಿಗೆ ಹಾಕ್ಬೇಕು," ಎಂದ.

"ನನಗ ಕೊಡ್ರಿ. ಒಳಗ ಏನದ ನೋಡ್ತೀನಿ."

"ಅದೇನು ಹೊಲಿಗಿ ಮಷೀನೇನು?"

"ಅಲ್ಲಂತನೇ ನೋಡ್ತೀನಿ."

ತುಕ್ಕು ಹಿಡಿದ ಬೋಲ್ಟುಗಳ ಮೇಲೆ ಡೀಸೆಲ್ ಸುರಿದು ನೆನೆಯಲು ಬಿಟ್ಟಳು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಹಳೆಯ ಚಾದರ ಹಾಸಿ ಕೂತಳು. ಬೆನ್ನಿಗೆ ಬೆನ್ನು ಹಚ್ಚಿದ ಎರಡು ದೊಡ್ಡ ಬಸವನಹುಳುಗಳಂತಿತ್ತು ಅದು. ಯಾವುದು ಯಾವುದಕ್ಕೆ ಕೂಡಿತ್ತು ಎಂದು ಮೊದಲು ಸೂಜಿಯಿಂದ ಗೀರಿ ಗುರುತು ಮಾಡಿದಳು. ಆಮೇಲೆ ಬೋಲ್ಟು ಬಿಚ್ಚಿ, ಕಟ್ಟಿಗೆಯ ತುಂಡಿನಿಂದ ಮೆಲ್ಲಗೆ ಬಡಿದು ಎರಡೂ ಚಿಪ್ಪು ತೆಗೆದಳು. ಒಂದು ಕಡೆ ಮಸಿ ಹಿಡಿದ ಚಕ್ರ, ಇನ್ನೊಂದು ಕಡೆ ಅಲ್ಯುಮಿನಿಯಂ ಚಕ್ರ. ಎರಡೂ ಒಂದೇ ಕಡ್ಡಿಯ ತುದಿಗಳಿಗೆ ಕೂತಿದ್ದವು. ಅಲ್ಯುಮಿನಿಯಂ ಚಕ್ರದ ಎಸಳುಗಳ ಅಂಚು ಚಿಪ್ಪಿಗೆ ಉಜ್ಜಿ ಸವೆದಿತ್ತು.

ಮಸಿ ಚಕ್ರವನ್ನು ಬೆರಳಿನಿಂದ ತಿರುವಿ ನೋಡಿ ಗಂಡನನ್ನು ಕರೆದಳು. "ಇಲ್ಲಿ ಬರ್ರಿ. ಎಂಜಿನ್ ಬಿಡೋ ಹೊಗಿ ಈ ಕರಿ ಚಕ್ರ ತಿರುಗಸ್ತದ. ಕಡ್ಡಿ ಒಂದೇ ಅಲ್ಲೇನ್ರಿ, ಆ ಕಡಿದೂ ತಿರುಗ್ತದ. ಅದು ಹೊರಗಿನ ಗಾಳಿ ಎಳಕೊಂಡು ಎಂಜಿನ್ನಿಗೆ ತುರುಕ್ತದ."

ಸಿದ್ಧಲಿಂಗ ಕುಕ್ಕರಗಾಲಲ್ಲಿ ಕೂತ. "ಹನ್ನೊಂದು ವರ್ಷ ಆತು ಓಡಸಾಕತ್ತು. ಹೊಗಿ ಸುಮ್ನ ಹೊರಗ ಹೋಗ್ತದಂತ ತಿಳಕೊಂಡಿದ್ದೆ."

ಚಕ್ರ ಹಿಡಿದಿದ್ದ ನಟ್ಟು ಮಾತ್ರ ಬಿಚ್ಚಲಿಲ್ಲ. ಅವನು ಪಾನಾ ಹಿಡಿದು ಮೈಭಾರ ಬಿಡಲು ಹೋದ. ದಾನೇಶ್ವರಿ ಕೈ ಹಿಡಿದು ತಡೆದಳು. ಸೈಕಲ್ಲಿನ ಎಡಗಡೆಯ ಪೆಡಲಿಗೆ ತಿರುವು ಉಲ್ಟಾ ಇರುವುದು ಅವಳಿಗೆ ಗೊತ್ತಿತ್ತು. ಇದನ್ನೂ ಹಾಗೇ ಬಲಕ್ಕೆ ತಿರುವಿದಳು. ಸಡಿಲಾಯಿತು.

ಕಡ್ಡಿ ಹೊರಗೆ ಬಂದಾಗ ಅವಳ ಮುಖದ ಮೇಲಿನ ನಗು ಹೋಯಿತು. ಎರಡು ಸಣ್ಣ ಹಿತ್ತಾಳೆ ಬಳೆಗಳೊಳಗೆ ತಿರುಗುವ ಕಡ್ಡಿ ಅದು. ಅಲ್ಲಿ ಎಣ್ಣೆಯ ಜಿಡ್ಡು ಇರಬೇಕು. ಇಲ್ಲಿ ಕಡ್ಡಿ ಕಾದು ನೀಲಿಯಾಗಿತ್ತು. ಎಣ್ಣೆ ಬರುವ ತೂತಿಗೆ ಸೂಜಿ ಹಾಕಿ ಕೆದಕಿದಳು. ಎಣ್ಣೆ ಸುಟ್ಟು ಒಣಗಿದ ಕರಿಕಿನ ಚೂರುಗಳು ಉದುರಿದವು.

"ಎಣ್ಣಿ ತರೋ ಪೈಪೂ ಹೊಸಾದು ಹಾಕ್ಯಾನೇನ್ರಿ?"

"ಇಲ್ಲ, ಹಳೇದೇ ಅದ."

"ಹಂಗಾದ್ರ ಹೊಸ ಟರ್ಬೊನೂ ಹಿಂಗೇ ಸುಡ್ತದ. ನಾಳಿ ಮೊದಲು ವಾಡಿಗಿ ಹೋಗೋಣ."

"ಐನಾಪುರದವರು ಮೂರು ದಿನದಿಂದ ಕಾಯಾಕತ್ತಾರ. ಮೆಕ್ಯಾನಿಕ್‌ಗ ಏನಂತ ಹೇಳ್ಲಿ? ನಮ್ಮ ಮನ್ಯಾಕಿ ಹೇಳ್ಯಾಳಂತೇನು?"

"ನೀವೇನೂ ಹೇಳಬ್ಯಾಡ್ರಿ. ನಾ ಬರ್ತೀನಿ."

ಗೊಣಗಿದರೂ ಒಪ್ಪಿದ. ಸೋಮವಾರ ಬೆಳಿಗ್ಗೆ ಗಾಡಿಯನ್ನು ನಿಧಾನವಾಗಿ ವಾಡಿಗೆ ತಿರುಗಿಸಿದ. ದಾರಿಯುದ್ದಕ್ಕೂ ದಾನೇಶ್ವರಿಗೆ ಒಂದೇ ಯೋಚನೆ. ತನ್ನ ಮಾತು ಸುಳ್ಳಾದರೆ ಗಂಡನ ಇನ್ನೊಂದು ದಿನ ಹಾಳು, ಗ್ಯಾರೇಜಿನಲ್ಲಿ ನಗೆಪಾಟಲು.

ಅವಳು ಪೈಪಿನ ಮಾತೆತ್ತಿದಾಗ ದೇವಿಂದ್ರ ನಕ್ಕ. "ಅಕ್ಕಾರ, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಾಕತ್ತೀನ್ರಿ."

ಅವಳು ಬಟ್ಟೆಯಲ್ಲಿ ಸುತ್ತಿ ತಂದಿದ್ದ ಕಡ್ಡಿಯನ್ನು ಅವನ ಅಂಗೈ ಮೇಲಿಟ್ಟಳು. ಅವನು ಬಿಸಿಲಿಗೆ ಹಿಡಿದು ತಿರುವಿ ತಿರುವಿ ನೋಡಿದ. ನೀಲಿಗಟ್ಟಿದ ಜಾಗವನ್ನು ಉಗುರಿನಿಂದ ಸವರಿದ. ನಗು ನಿಂತಿತು. ಬಾನೆಟ್ ಎತ್ತಿ ಎಣ್ಣೆಯ ಪೈಪು ಬಿಚ್ಚಿ ಊದಿದ. ಗಾಳಿ ಆಚೆ ಹೋಗಿದ್ದು ಎಳೆಯಷ್ಟೇ. ತಂತಿ ತೂರಿಸಿ ಎಳೆದಾಗ ಕರಿಕು ಉದ್ದಕ್ಕೆ ಕಿತ್ತು ಬಂತು.

"ನಂದೇ ತಪ್ಪ್ರಿ," ಎಂದ ದೇವಿಂದ್ರ. "ಪೈಪ್ ನೋಡ್ಬೇಕಿತ್ತು, ನೋಡ್ಲಿಲ್ಲ."

ಹೊಸ ಟರ್ಬೊದ ಚಕ್ರವನ್ನು ಬೆರಳಿನಿಂದ ತಿರುವಿ ನೋಡಿದರು. ಹಗುರಾಗಿ ತಿರುಗಿತು, ಅಲುಗಾಟವಿಲ್ಲ. ವಾಡಿ–ಶಹಾಬಾದ ಓಡಾಟ ಬಿಟ್ಟರೆ ಗಾಡಿ ಓಡಿರಲಿಲ್ಲವಲ್ಲ, ಟರ್ಬೊ ಉಳಿದುಕೊಂಡಿತ್ತು. ದೇವಿಂದ್ರ ಹೊಸ ಪೈಪು ಹಾಕಿದ, ಎಣ್ಣೆ ಬದಲಿಸಿದ. ಕೈ ತೊಳೆದುಕೊಂಡು ಬಂದು ಮೂವರಿಗೂ ಚಹಾ ಹೇಳಿದ. "ಕುಂದ್ರಿ ಅಕ್ಕಾರ. ಆ ಉಲ್ಟಾ ನಟ್ಟು ಹೆಂಗ ಬಿಚ್ಚಿದ್ರಿ ಹೇಳ್ರಿ. ನಾ ಮೊದಲ ಸಲ ಮುರದೇ ಬಿಟ್ಟಿದ್ದೆ."

ಅಲ್ಲಿಂದ ಸೀದಾ ಐನಾಪುರಕ್ಕೆ ಹೊರಟರು. ದಾನೇಶ್ವರಿಯೂ ಕ್ಯಾಬಿನ್ನಿನಲ್ಲೇ ಕೂತಳು. ಏರು ಬಂದು ಗಂಡ ಎಕ್ಸಲರೇಟರ್ ಒತ್ತಿದಾಗಲೆಲ್ಲ ಸಣ್ಣ ಸಿಳ್ಳು ಕೇಳುತ್ತಿತ್ತು. "ಈಗ ಗಾಳಿ ತುರುಕಾಕತ್ತದ ನೋಡ್ರಿ," ಎನ್ನುವಳು. ನಾಲ್ಕನೇ ಏರಿಗೆ ಅವನೇ ಮೊದಲು ಹೇಳಿದ.

ಐನಾಪುರದಲ್ಲಿ ಮನೆ ಕಟ್ಟಿಸುತ್ತಿದ್ದವರು ವಿಮಲಾಬಾಯಿ ಎಂಬ ಹಿರಿಯ ಹೆಂಗಸು. ತಡವಾಯಿತೆಂದು ಬೈಯಲು ಬಂದವರು ಲಾರಿಯಿಂದ ಇಳಿದವಳನ್ನು ಕಂಡು, "ಇವರ್ಯಾರಪ್ಪಾ?" ಎಂದರು.

"ನಮ್ಮ ಮನ್ಯಾಕಿ," ಎಂದ ಸಿದ್ಧಲಿಂಗ. "ಗಾಡಿ ಯಾಕ ನಿಂತಿತ್ತಂತ ಅಕಿನ್ನ ಕೇಳ್ರಿ. ಭಾಳ ಛಲೋ ಹೇಳ್ತಾಳ."

ವಿಮಲಾಬಾಯಿ ಕೇಳಿದರು. ಫರ್ಸಿ ಇಳಿಯುವ ತನಕವೂ ದಾನೇಶ್ವರಿ ಹೇಳುತ್ತಲೇ ಇದ್ದಳು, ಎರಡು ಅಂಗೈಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ತೋರಿಸುತ್ತ. ಆಮೇಲೆ ಅವರು ಇಬ್ಬರನ್ನೂ ಒಳಗೆ ಕರೆದು ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು.